ಮದ್ದು

ನಮ್ಮಲ್ಲಿ ಎರಡಕ್ಕೂ ಒಂದೇ ಮಾತು.
ಜ್ವರಕ್ಕೆ ಕುಡಿಸುವುದೂ ಮದ್ದು,
ಗೇರುಗುಡ್ಡೆಯ ಮೇಲೆ ಹೆಲಿಕಾಪ್ಟರು
ಬಿಟ್ಟು ಹೋದದ್ದೂ ಮದ್ದು.

ನಾನು ಈ ವಾರ್ಡಿನ ಆಶಾ.
ಪೆರ್ಲದಿಂದ ಮೇಲೆ, ಜೀಪು ನಿಲ್ಲುವಲ್ಲಿಂದ ಮತ್ತೆ ನಡೆದು
ನೂರ ಹನ್ನೆರಡು ಮನೆ.
ಕೈಯಲ್ಲಿ ಮಲಯಾಳದಲ್ಲಿ ಅಚ್ಚಾದ ಕಾಗದ,
ಬಾಯಲ್ಲಿ ತುಳು,
ನನ್ನ ಪುಸ್ತಕದಲ್ಲಿ ಬರೆದುಕೊಳ್ಳುವುದು ಕನ್ನಡ.

ಅದ್ರಾಮನ ಮಗ ಮೊದಲ ದಿನವೇ ಬಂದ,
ದುಬಾಯಿಯ ವೀಸಾ ಮುಗಿಯುತ್ತಿತ್ತು.
ಲಿಲ್ಲಿಬಾಯಿಗೆ ವಾರಕ್ಕೆರಡು ಡಯಾಲಿಸಿಸ್,
ತಲಪಾಡಿ ಗೇಟಿನಲ್ಲಿ ತೋರಿಸಲು ಏನಾದರೂ ಬೇಕಲ್ಲ.
"ಮಂಗಳೂರು ಕೂಗಿದರೆ ಕೇಳುವ ದೂರ ಮಗಾ,
ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದರು."
ನಾರಾಯಣ ಬೆಳ್ಚಪ್ಪಾಡ ಬಂದದ್ದು
ನೆರೆಮನೆಯವ ಚುಚ್ಚಿಸಿಕೊಂಡು ಎಂಟು ದಿನ
ಸಾಯದೆ ಇದ್ದುದನ್ನು ಬೇಲಿಯಾಚೆಯಿಂದ ನೋಡಿದ ಮೇಲೆ.
ಅವನ ಹೆಂಡತಿಗೆ ಗಂಡಸಿನೆದುರು
ರವಿಕೆಯ ತೋಳು ಮಡಚಲು ನಾಚಿಕೆ.
ಅದನ್ನು ಯಾರೂ ಕೇಳಿರಲಿಲ್ಲ, ನಾನೂ.
ಮೀಟಿಂಗಿನಲ್ಲಿ ಎಲ್ಲಕ್ಕೂ ಒಂದೇ ಹೆಸರು:
ತಿಳಿವಳಿಕೆಯ ಕೊರತೆ.

ಐತಕ್ಕನ ಮನೆ ಕೊನೆಯದು.
ಒಳಗೆ ಚಾಪೆಯಲ್ಲಿ ವಾರಿಜ, ಇಪ್ಪತ್ತೇಳು ವರ್ಷ.
ನನ್ನ ದನಿ ಕೇಳಿದರೆ ನಗುತ್ತಾಳೆ. ಮಾತಿಲ್ಲ.
"ಆಗಲೂ ಜೀಪು ಬಂದಿತ್ತು, ಮೈಕು ಕಟ್ಟಿ.
ನಾಳೆ ಮದ್ದು ಬಿಡುತ್ತೇವೆ, ಬಾವಿ ಮುಚ್ಚಿ,
ಮನುಷ್ಯರಿಗೆ ಏನೂ ಆಗುವುದಿಲ್ಲ.
ನಮ್ಮದು ಸುರಂಗದ ನೀರು ಮಾರಾಯ್ತಿ,
ಗುಡ್ಡೆಯ ಹೊಟ್ಟೆಗೆ ಯಾವ ಮುಚ್ಚಳ ಇಡುವುದು?
ಆಗ ಇವಳು ನನ್ನ ಹೊಟ್ಟೆಯಲ್ಲಿ."

ಚೀಲದೊಳಗಿನ ಚಿತ್ರಪಟ ನಾನು ತೆಗೆಯಲಿಲ್ಲ.
ಬಾವುಟ ಬೀಸಿ ಹೆಲಿಕಾಪ್ಟರಿಗೆ
ತೋಟದ ಅಂಚು ತೋರಿಸುತ್ತಿದ್ದವ ನನ್ನ ಅಪ್ಪ.
ಅವಳಿಗೂ ಗೊತ್ತು.
ಒದ್ದೆ ಅಂಗಿ ಬಿಚ್ಚಿ ಅಮ್ಮನ ಕೈಗೆ ಕೊಡುತ್ತ
ಅವನೂ ಹೇಳುತ್ತಿದ್ದದ್ದು ಅದೇ, ಏನೂ ಆಗುವುದಿಲ್ಲ.

ಆ ಮಾತು ನನ್ನ ಬಾಯಿಗೆ ಬರಲಿಲ್ಲ.
ನನಗೆ ಎರಡು ದಿನ ಜ್ವರ ಬಂತು, ಅಂದೆ.
ಕೈ ಒನಕೆಯ ಹಾಗೆ ಭಾರ.
ವಾರಿಜಳಿಗೆ ಆ ಕಾಯಿಲೆ ಬಂದರೆ
ಕೆಮ್ಮಿ ಕಫ ತೆಗೆಯುವಷ್ಟು ಎದೆ ಅವಳಿಗಿಲ್ಲ.
ಇಷ್ಟು ನನಗೆ ಗೊತ್ತು. ಉಳಿದದ್ದು, ಐತಕ್ಕ,
ನನಗಿಂತ ಕಲಿತವರು ಹೇಳಿದ್ದು.

ಅವಳು ಗಂಜಿಯ ತಿಳಿ ಆರಿಸುತ್ತಿದ್ದಳು.
"ಆ ರಾತ್ರಿ ಇಲ್ಲಿ ಮಲಗುತ್ತೀಯಾ?"
ಹೂಂ ಅಂದೆ.
ಕೈಪಿಡಿಯಲ್ಲಿ ಈ ಪ್ರಶ್ನೆಯೇ ಇಲ್ಲ.

ಗುರುವಾರ ಸಿಸ್ಟರು ಐಸಿನ ಪೆಟ್ಟಿಗೆ ಹೊತ್ತು ಗುಡ್ಡೆ ಹತ್ತಿದರು.
ಐತಕ್ಕ ತನ್ನ ತೋಳು ಮಾತ್ರ ಕೊಟ್ಟಳು.
"ಇವಳದ್ದು ಮತ್ತೆ. ನಾಳೆ ನಾನು ಎದ್ದರೆ."
ಸೂಜಿ ಇಳಿಯುವಾಗ ಸೂಜಿಯ ಕಡೆ ನೋಡಲಿಲ್ಲ,
ನೋಡಿದ್ದು ನನ್ನನ್ನು.

ಕೈ ತೊಳೆಯಲೆಂದು ಹಿತ್ತಿಲಿಗೆ ಹೋದೆ.
ಸುರಂಗದ ಬಾಯಿಗೆ
ಹಳೆಯ ಸೀರೆಯೊಂದನ್ನು
ನಾಲ್ಕೂ ಮೂಲೆ ಬಿಗಿದು ಕಟ್ಟಿದ್ದಳು.

ಕೈ ತೊಳೆಯದೆ ಒಳಗೆ ಬಂದೆ.