ಆರೋಗ್ಯದ ಸಲುವಾಗಿ

"ನೀವೇ ಹೋಗಿ ಕುಡಿದು ಬನ್ನಿ, ಲೀಲಾಧರಣ್ಣ," ಎಂದ
ಧಣಿಯ ಮಗ. "ನಮ್ಮಲ್ಲೂ ಇಡಬಹುದಾ ನೋಡಿ.
ಗಾಡಿಯ ಟಿಕೇಟು, ಊಟದ ಬಿಲ್ಲು, ಎರಡೂ ಜೋಪಾನ."

ಹಾಗಾಗಿ ನಾನು, ಕುರ್ಲಾದ ಪರ್ಮಿಟ್ ರೂಮಿನ ಗಲ್ಲಾದವ,
ಮೂವತ್ತೊಂದು ವರ್ಷ ಮುಚ್ಚಳ ಕಿತ್ತ ಕೈ,
ಪುಣೆಯ ಮುಂಢವಾದಲ್ಲಿ, ನಡುಮಧ್ಯಾಹ್ನ,
ಕಾಲು ನೆಲಕ್ಕೆ ಎಟುಕದ ಸ್ಟೂಲಿನ ಮೇಲೆ ಕೂತಿದ್ದೆ.
ಗಾಜಿನಾಚೆ ಸ್ಟೀಲಿನ ಹಂಡೆಗಳು,
ಮದುವೆಮನೆಯ ಹಂಡೆಗಳಿಗೇ ವಿದ್ಯೆ ಹತ್ತಿದ ಹಾಗೆ,
ಮುಳ್ಳು, ಮೀಟರು ಹಚ್ಚಿಕೊಂಡು ನಿಂತಿದ್ದವು.

ಬಿಯರು ಕಾಯಿಸುವವಳು ಕೇತಕಿ. ಪೇಠೆಯ ಹುಡುಗಿ.
ಮೊಣಕಾಲಿನವರೆಗೆ ರಬ್ಬರ್ ಬೂಟು,
ಕಿವಿಯಲ್ಲಿ ಅಜ್ಜಿಯ ಕಾಲದ ಮುತ್ತಿನ ಓಲೆ.
ಅದಕ್ಕೆ ಅವರು ಕುಡಿ ಎನ್ನುತ್ತಾರಂತೆ.
ನಮ್ಮಲ್ಲಿ ಅದು ಅಪ್ಪಣೆ.

ಗ್ಲಾಸು ಚಿಕ್ಕದು. ಬಣ್ಣ, ಸೋಸದ ಬೆಲ್ಲದ ನೀರು.
"ಮೊದಲು ಮೂಸಿ," ಎಂದಳು.
ನಮ್ಮಲ್ಲಿ ಯಾರೂ ಮೂಸುವುದಿಲ್ಲ, ತಾಯಿ.
ಚಿಟಿಕೆ ಉಪ್ಪು ಹಾಕಿ, ನೊರೆ ಎದ್ದಾಗ ಬಾಯಿ ಕೊಡುತ್ತಾರೆ.
ಬೇಯಿಸಿದ ಕಡಲೆ, ಅರ್ಧ ಈರುಳ್ಳಿ,
ಗೋಡೆಗೆ ಮುಖ ಮಾಡಿ ಕೂರುವ ಮೇಜು ಕೇಳುತ್ತಾರೆ.
ಮಿಲ್ಲು ಮುಚ್ಚಿದ ಮೇಲೂ ಶಿಫ್ಟು ಬಿಡುವ ಹೊತ್ತಿಗೇ
ಬರುತ್ತಿದ್ದ ಘಾಡಿ,
ತಣ್ಣಗಿದೆಯಾ ಎಂದಷ್ಟೇ ಕೇಳುತ್ತಿದ್ದ.
ಹೇಗಿದೆ ಎಂದು ಒಂದು ದಿನವೂ ಇಲ್ಲ.

ಮೂಸಿದೆ.
ಮೊದಲು ಏನೂ ಇಲ್ಲ. ಆಮೇಲೆ
ಮಾವಿನ ಸೊನೆ.
ತೊಟ್ಟು ಮುರಿದಾಗ ಚಿಮ್ಮಿ
ತುಟಿಯ ಬದಿಯನ್ನು ಸುಡುತ್ತದಲ್ಲ, ಅದು.

ಕುಡಿದೆ.
ಅಯ್ಯೋ ಮಾರಾಯ,
ಆಟಿ ಅಮಾವಾಸ್ಯೆ!

ಬೆಳಕು ಹರಿಯುವ ಮುನ್ನ ಮಾವ
ಕತ್ತಿ ಸೋಕಿಸದೆ ಕಲ್ಲಿನಲ್ಲೇ ಜಜ್ಜಿ ತಂದ ಹಾಲೆಯ ಕೆತ್ತೆ,
ಬೆಳ್ಳುಳ್ಳಿ, ಓಮ, ಕರಿಮೆಣಸು,
ಕೆಂಪಗೆ ಕಾಯಿಸಿದ ಬೆಣಚುಕಲ್ಲು
ಚುಂಯ್ ಎಂದು ಮುಳುಗಿದ ಕಷಾಯ.
ಸಾಲಾಗಿ ಕೂರಿಸಿ, ಮೂಗು ಹಿಡಿದು ಹೊಯ್ಯುತ್ತಿದ್ದಳು ಅಮ್ಮ.
"ನುಂಗು. ವರ್ಷವಿಡೀ ರೋಗ ಹತ್ತಿರ ಸುಳಿಯುವುದಿಲ್ಲ."
ನುಂಗಿದವನಿಗೆ ಗುಬ್ಬಚ್ಚಿಯ ತಲೆಯಷ್ಟು ಬೆಲ್ಲ.

"ಏನು ಸಿಕ್ಕಿತು?" ಕೇತಕಿ ಪೆನ್ನು ಹಿಡಿದಿದ್ದಳು.
"ಕೆಲವರಿಗೆ ಕಿತ್ತಳೆ ಸಿಗುತ್ತದೆ, ಕೆಲವರಿಗೆ ದೇವದಾರು,
ಆಗಷ್ಟೇ ಕೊಯ್ದ ಹುಲ್ಲು..."
ನನ್ನ ಗಲ್ಲಾದ ಹಿಂದಿಯಲ್ಲಿ ಕಹಿಗೆ ಒಂದೇ ಮಾತು.
ನಾಲಿಗೆಯ ಬುಡದಲ್ಲಿ ಮಾತ್ರ, ಎಷ್ಟು ವರ್ಷದ ಮೇಲೋ,
ಒಂದರ ಹಿಂದೊಂದು ಎದ್ದು ಬಂದವು
ಒಗರು, ಚೊಗರು, ಕನರು,
ಹಾಗಲ, ಕಾಸರಕ, ಕಿರಾತಕಡ್ಡಿ.
"ಔಷಧಿ," ಎಂದೆ. ಅವಳ ಮುಖ ಚಿಕ್ಕದಾಯಿತು.
"ಒಳ್ಳೆಯ ಔಷಧಿ," ಎಂದೆ.

ನಮ್ಮ ಖಾನೆಯಲ್ಲಿರುವ ಪರ್ಮಿಟ್ ಪುಸ್ತಕದ ಮಾತು ತೆಗೆದೆ.
ಇಂಥ ಗೃಹಸ್ಥ, ಒಂದು ದಿನದ ಮಟ್ಟಿಗೆ,
ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ ಕುಡಿಯಬಹುದು.
ಘಾಡಿಯ ಹೆಸರಿನಲ್ಲಿ ಎಷ್ಟು ಚೀಟಿ ಹರಿದೆನೋ.
ಆರೋಗ್ಯ ಕಾಪಾಡುತ್ತ ಕಾಪಾಡುತ್ತಲೇ ಹೋದ.
ಹನ್ನೊಂದನೆಯ ದಿನ ಮಗ ಬಂದು, ಬಾಕಿ ತೀರಿಸಿ,
ಒಂದು ಲೋಟ ನೀರು ಕುಡಿದು ಎದ್ದ.

ಕೇತಕಿ ನಗಲಿಲ್ಲ. ಒಳಗೆ ಹೋಗಿ ಬಂದು
ನನ್ನ ಅಂಗೈಗೆ ಒಣ ಹೂವೊಂದು ಹಾಕಿದಳು.
ಹಗುರ, ಹಸಿರು,
ಯಾರೋ ಕಾಗದದಲ್ಲಿ ಮಡಚಿದ ಸಂಪಿಗೆ ಮೊಗ್ಗು.
"ತಿಕ್ಕಿ." ತಿಕ್ಕಿದೆ. ಹಳದಿ ಪುಡಿ, ಅಂಟು, ಮತ್ತೆ ಅದೇ ಸೊನೆ.
"ಕಹಿ ಎಲ್ಲ ಇದರದ್ದು. ಬಿಯರು ಕೆಡದಿರಲೆಂದು ಹಾಕುವುದು."
ಕೆಡದಿರಲೆಂದು.
ಅಮ್ಮನೂ ಬೇರೆ ಏನು ಹೇಳಿದ್ದಳು.

ಸ್ಟೇಷನ್ನಿನಲ್ಲಿ ಫೋನು. "ಹೇಗಿದೆ? ಇಡಬಹುದಾ?"
"ಇಡಬಹುದು," ಎಂದೆ. "ಆದರೆ ಉಪ್ಪು ಕೇಳಿದರೆ ಕೊಡಬಾರದು."
ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಲೋಣಾವಳಾದಲ್ಲಿ ಚಿಕ್ಕಿಯವ ಹತ್ತಿದ:
ಶೇಂಗಾ, ಎಳ್ಳು, ಹಲ್ಲಿಗೆ ಸವಾಲು ಹಾಕುವ ಬೆಲ್ಲ.
ಎರಡು ಪೊಟ್ಟಣ ಕೊಂಡು ತೊಡೆಯ ಮೇಲಿಟ್ಟುಕೊಂಡೆ.
ಸುರಂಗದ ಮೇಲೆ ಸುರಂಗ. ಕರ್ಜತ್ ಬಂತು, ವಡೆ ಬಂತು,
ಎದುರು ಸೀಟಿನವರು ತಿಂದು ಕೈ ಒರೆಸಿಕೊಂಡರು.
ನಾಲಿಗೆಯ ಬುಡದಲ್ಲಿ ಕಹಿ ಇನ್ನೂ ಕೂತಿತ್ತು.
ಬೆಲ್ಲ ಕೈಗೆ ಸಿಗುವಷ್ಟು ಹತ್ತಿರವಿತ್ತು.
ಅವಸರವೇನಿರಲಿಲ್ಲ.