ಎರಡು ಕಿಲೋ

ಕೆರಿಚೊ. ಚಹಾ ಎಲೆ ತೂಗುವ ಕಟ್ಟೆ.
ಮೂಟೆಗೆ ಎರಡು ಕಿಲೋ ತೇವಕ್ಕೆಂದು ಕಳೆಯಬೇಕು.
ಬಾಯಿಮಾತು; ಕಾಗದದಲ್ಲಿ ಎಲ್ಲೂ ಇಲ್ಲ.
ಮೂರು ವಾರದಿಂದ ಹನಿ ಮಳೆಯೂ ಇಲ್ಲ.

ಉಳಿದವರೆಲ್ಲ ಮುಳ್ಳು ನೋಡುತ್ತಾರೆ
ಕತ್ತು ಚಾಚಿ, ನನ್ನ ಬೆರಳನ್ನೂ.
ತಾಪ್ರಂದಿಚ್ ಮಾತ್ರ
ಮೂಟೆ ಇಳಿಸಿ, ಆಚೆ ತಿರುಗಿ
ಅಂಗೈಯ ಕಪ್ಪು ಕರೆ ಉಜ್ಜುತ್ತಾಳೆ:
"ನೀನೇ ನೋಡಿ ಬರೆ, ಮಗಾ."

ಬೈದಿದ್ದರೆ ಕಳೆದುಬಿಡುತ್ತಿದ್ದೆ.

ಮುಳ್ಳು ನಿಂತದ್ದು ಹದಿನೆಂಟೂವರೆಗೆ.
ಬರೆದೆ, ಹದಿನೆಂಟೂವರೆ.
ಬೆನ್ನಿಗೇ ನಿಂತ ಮೇಲ್ವಿಚಾರಕ ಲಾಂಗಟ್
ಕೆಮ್ಮಿದ, ಒಂದೇ ಸಲ.

ಪೆನ್ನು ಜೇಬಿಗೆ ಹಾಕಿದೆ; ಮತ್ತೆ ತೆಗೆದೆ.
ಸಾಲಿನಲ್ಲಿ ಇನ್ನೂ ನಲವತ್ತು ಮೂಟೆ,
ಹಿಂದಿನ ಪುಟಗಳ ತುಂಬ
ನನ್ನದೇ ಅಕ್ಷರದಲ್ಲಿ
ಒಣಗಿದ ತೇವ.