ಹಾಡಿಗೆ ಮುಂಚೆ

ತಾರ್ತುವಿನ ಚರ್ಚಿನಲ್ಲಿ ಗುರುವಾರದ ತಾಲೀಮು.
ಮೊದಲ ಬೆಂಚಿನಲ್ಲಿ ಮೈಮು, ಒದ್ದೆ ಕೋಟು ಬಿಚ್ಚದೆ.
ಇಪ್ಪತ್ತು ವರ್ಷ ನನ್ನ ಎಡಕ್ಕೆ ನಿಂತು ಹಾಡಿದವಳು.

ಕಿವಿಯ ಹಿಂದೀಗ ಅವರೆಕಾಯಿಯಷ್ಟು ಯಂತ್ರ,
ಬುರುಡೆಯೊಳಗೆ ತಂತಿ.
"ಮಾತು ಸರಿ," ಅನ್ನುತ್ತಾಳೆ,
"ಚಮಚ ಬಿದ್ದರೆ ಚಮಚವೇ.
ಹಾಡು ಮಾತ್ರ
ತಗಡಿನ ಡಬ್ಬಿಯಲ್ಲಿ ಮೊಳೆ ಕುಲುಕಿದ ಹಾಗೆ.
ನೀನ್ಯಾರು, ಹೆಲ್ಯು ಯಾರು, ಎಲ್ಲ ಒಂದೇ ಗದ್ದಲ."

ಮತ್ತೆ ಯಾಕೆ ಬರ್ತೀಯೇ ಮಾರಾಯ್ತಿ, ಹಿಮ ತುಳಿದು?

"ತೋಯ್ವೊ ಕೈ ಎತ್ತಿದಾಗ
ನಲವತ್ತು ಎದೆ ಒಟ್ಟಿಗೆ ಉಸಿರೆಳೀತಾವಲ್ಲ,
ಅದಕ್ಕೆ ಶ್ರುತಿ ಇಲ್ಲ ನೋಡು.
ಅದೊಂದು ಕೆಟ್ಟಿಲ್ಲ. ಹಾಗೇ ಇದೆ."

ಅಂದಿನಿಂದ ನಾನು
ಬಾಯಗಲಿಸಿ, ನಾಚಿಕೆ ಬಿಟ್ಟು, ಜೋರಾಗಿ
ಉಸಿರೆಳೆಯುತ್ತೇನೆ.
ತೋಯ್ವೊ ಹುಬ್ಬು ಗಂಟಿಕ್ಕುತ್ತಾನೆ.
ಮೈಮು ಕಣ್ಣು ಮಿಟುಕಿಸುತ್ತಾಳೆ.
ಆಮೇಲೆ ಮೊಳೆ ಸುರಿಯುತ್ತವೆ;
ಕೂತೇ ಇರುತ್ತಾಳೆ.